ಸವತಿಯ ಲಗಾಮು

ಆ ಹೆಣ್ಣು ಕುದುರೆಗೆ ಸವತಿ ಎಂದು ಹೆಸರಿಟ್ಟವರು ಬಸಲಿಂಗಮ್ಮ. ರೇಸಿನಲ್ಲಿ ಓಡುತ್ತಿದ್ದಾಗ ಅದಕ್ಕೆ ಏನೋ ಉದ್ದನೆಯ ಇಂಗ್ಲಿಷ್ ಹೆಸರಿತ್ತಂತೆ. ಓಟದಲ್ಲಿ ಹಿಂದೆ ಬೀಳತೊಡಗಿದ ಮೇಲೆ ಆ ಹೆಸರನ್ನು ಕರೆಯುವವರೇ ಇಲ್ಲವಾದರು. ಅಮರೇಶಪ್ಪನವರು ಅದನ್ನು ಹೈದರಾಬಾದಿನ ಅಂಚಿನ ಲಿಂಗಂಪಲ್ಲಿಯ ಆಚೆಗಿನ ಸವಾರಿ ಶಾಲೆಗೆ ಕರೆತಂದ ದಿನ, ಮನೆಗೆ ಬಂದು ಊಟಕ್ಕೆ ಕೂತವರು ತುತ್ತು ಎತ್ತುವುದನ್ನೇ ಮರೆತು ಅದರ ಕತ್ತು ಹೀಗಿದೆ, ಕಣ್ಣು ಹಾಗಿದೆ ಎಂದು ಹೇಳುತ್ತಲೇ ಇದ್ದರು. ಬಸಲಿಂಗಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿ, “ಈ ವಯಸ್ಸಿನ್ಯಾಗ ನನಗ ಸವತಿ ತಂದ್ರಿ ಅನ್ರಿ,” ಎಂದರು. ಸೊಸೆ ಶುಭಾ ನಕ್ಕು ನಕ್ಕು ಕೆಮ್ಮಿದಳು. ಅಂದಿನಿಂದ ಅದು ಸವತಿ. ಕುದುರೆಗಳನ್ನು ನೋಡಿಕೊಳ್ಳುವ ಯಾದಗಿರಿ ತೆಲುಗಿನವನು. ಅವನ ಮಾತಿನಲ್ಲೂ ಸವತಿ ಎಂದರೆ ಸವತಿಯೇ ಆದ್ದರಿಂದ ಅವನೂ ಆ ಹೆಸರಿಗೆ ಒಗ್ಗಿದ.

ಹೆಸರಿಟ್ಟವರು ಯುಗಾದಿ ಕಳೆಯುತ್ತಲೇ ಲಿಂಗೈಕ್ಯರಾದರು. ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ. ಶಿವನ ಇಚ್ಛೆ ಎಂದು ಬಂದವರೆಲ್ಲ ಹೇಳಿದರು, ಅಮರೇಶಪ್ಪನವರೂ ಹೌದೆಂದು ತಲೆಯಾಡಿಸಿದರು. ಶಿವನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಆದರೆ ಅಂದಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಟೀವಿಯ ಮುಂದೆ ಕೂತರೆ ಎದ್ದು ಬಾಗಿಲಿಗೆ ಹೋಗುವರು. ಬಾಗಿಲಿಗೆ ಹೋದ ಮೇಲೆ ಯಾಕೆ ಬಂದೆನೆಂದು ತಿಳಿಯದೆ, ಅಲ್ಲಿದ್ದ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ ಮರಳುವರು. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುವರು.

ಎಲ್ಲಕ್ಕಿಂತ ಕಷ್ಟವಾದದ್ದು ಬೆಳಗಿನ ಲಿಂಗಪೂಜೆ. ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನು ಇರಿಸಿಕೊಂಡು, ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ನೋಟವನ್ನು ಅದರಲ್ಲೇ ನೆಟ್ಟು ಕೂಡುವುದು ಅವರಿಗೆ ದೀಕ್ಷೆಯಾದಂದಿನಿಂದ ಬಂದ ರೂಢಿ. ಹೈದರಾಬಾದಿನ ಕುದುರೆ ಪೊಲೀಸ್ ದಳದಲ್ಲಿ ಸವಾರಿ ಕಲಿಸುತ್ತಿದ್ದಾಗ, ಹಬ್ಬದ ಬಂದೋಬಸ್ತಿನ ಬೆಳಗಿನಲ್ಲೂ ಅದನ್ನು ತಪ್ಪಿಸಿದವರಲ್ಲ. ಈಗ ಅಂಗೈ ತೆರೆದು ನಿಲ್ಲುತ್ತಿರಲಿಲ್ಲ. ನೋಟ ಕೂಡುವ ಮೊದಲೇ ಬೆರಳುಗಳು ತಾವಾಗಿಯೇ ಮಡಿಚಿಕೊಂಡು ಲಿಂಗವನ್ನು ಮುಚ್ಚಿಬಿಡುತ್ತಿದ್ದವು. ಬಲಗೈಯಿಂದ ಬಿಡಿಸುವರು. ಮತ್ತೆ ಮುಚ್ಚುವವು. ದೇವರನ್ನು ಮುಷ್ಟಿಯಲ್ಲಿ ಹಿಡಿದ ಹಾಗಾಯಿತಲ್ಲ ಎಂದು ನಾಚಿಕೊಂಡು, ಅರ್ಧಕ್ಕೇ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಏಳುವರು.

“ಮಾವಾರ, ಇಷ್ಟ ಲಗೂನ ಪೂಜಿ ಆತೇನ್ರಿ?” ಎಂದು ಶುಭಾ ಕೇಳಿದರೆ, “ಆತವ್ವ, ಆತು,” ಎಂದು ನಿಂತೇ ಚಹಾ ಕುಡಿದು ಹೊರಡುವರು.

ಸವಾರಿ ಶಾಲೆ ಎಂದರೆ ಬಂಡೆಗಳ ನಡುವಿನ ಒಂದಿಷ್ಟು ಹೊಲ. ಒಂದು ಕಡೆ ತಗಡಿನ ಲಾಯ, ಇನ್ನೊಂದು ಕಡೆ ಮರಳು ಹಾಸಿದ ಅಂಗಳ, ಅದರ ಸುತ್ತ ಸರ್ವೆ ಗಳುವಿನ ಬೇಲಿ. ಬೇಲಿಯಾಚೆ ಇನ್ನೂ ಬಣ್ಣ ಕಾಣದ ಹೊಸ ಅಪಾರ್ಟ್‌ಮೆಂಟುಗಳು. ಇದರ ಮಾಲೀಕ ಬೀದರ ಕಡೆಯ ಚೇತನಕುಮಾರ. ನಾಚಾರಂನಲ್ಲಿ ಪ್ಲಾಸ್ಟಿಕ್ ಸಾಮಾನಿನ ಸಣ್ಣ ಕಾರ್ಖಾನೆ ಇಟ್ಟುಕೊಂಡವನು, ಕುದುರೆಯ ಹುಚ್ಚಿಗೆ ಇದನ್ನು ನಡೆಸುತ್ತಿದ್ದ. ನಿವೃತ್ತರಾದ ಮೇಲೆ ಇಲ್ಲಿ ಸವಾರಿ ಕಲಿಸಲು ಬಂದ ಅಮರೇಶಪ್ಪನವರನ್ನು ಕಾಕಾ ಎಂದೇ ಕರೆಯುತ್ತಿದ್ದ.

ಅಮರೇಶಪ್ಪನವರು ಒಳಗೆ ಬರುವಾಗ ಸವತಿ ಲಾಯದ ಬಾಗಿಲಲ್ಲಿ ತಲೆ ಹೊರಗೆ ಹಾಕಿ, ಎಡಗಾಲಿನ ಮೇಲೊಮ್ಮೆ ಬಲಗಾಲಿನ ಮೇಲೊಮ್ಮೆ ಭಾರ ಹಾಕುತ್ತ ತೂಗಾಡುತ್ತಿರುತ್ತಿತ್ತು. ಕಟ್ಟಿಹಾಕಿದ ರೇಸು ಕುದುರೆಗಳಿಗೆ ಈ ಚಟ ಹತ್ತುತ್ತದೆ. ಅದನ್ನು ನೋಡುತ್ತ ನಿಂತರೆ ಸ್ವಲ್ಪ ಹೊತ್ತಿನಲ್ಲೇ ತಾವೂ ಹಾಗೇ ತೂಗಾಡುತ್ತಿರುವುದು ಅವರ ಗಮನಕ್ಕೆ ಬರುತ್ತಿತ್ತು. ಕೂಡಲೇ ಯಾದಗಿರಿಯನ್ನು ಯಾವುದಾದರೂ ಕೆಲಸಕ್ಕೆ ಕೂಗುವರು.

ಚಳಿಗಾಲದಲ್ಲಿ ಕುದುರೆ ಹೀಗಿರಲಿಲ್ಲ. ಆಗ ಅಮರೇಶಪ್ಪನವರು ಅದಕ್ಕೆ ಮೊದಲಿನಿಂದ ಪಾಠ ಶುರುಮಾಡಿದ್ದರು. ಬೆನ್ನ ಮೇಲೆ ಯಾರೂ ಇಲ್ಲದೆ, ಉದ್ದ ಹಗ್ಗದಲ್ಲಿ ತಮ್ಮ ಸುತ್ತ ತಿರುಗಿಸುವುದು. ಮಾತಿನಿಂದಲೇ ನಡೆಸಿ ಮಾತಿನಿಂದಲೇ ನಿಲ್ಲಿಸುವುದು. ರೇಸು ಕುದುರೆಗೆ ಕಲಿಸುವುದಕ್ಕಿಂತ ಅದು ಕಲಿತದ್ದನ್ನು ಮರೆಸುವುದೇ ದೊಡ್ಡ ಕೆಲಸ. ಮಿಕ್ಕ ಕುದುರೆಗಳು ಲಗಾಮು ಜಗ್ಗಿದರೆ ನಿಲ್ಲುತ್ತವೆ. ರೇಸಿನಲ್ಲಿ ಬೆಳೆದದ್ದು ಹಾಗಲ್ಲ. ಸವಾರ ಲಗಾಮನ್ನು ಗಿಡ್ಡ ಮಾಡಿ ಬಿಗಿಹಿಡಿದನೆಂದರೆ ಓಟ ಶುರುವಾಯಿತೆಂದು ಅದಕ್ಕೆ ಅರ್ಥ. ಇನ್ನೂ ಬಿಗಿ ಹಿಡಿದರೆ ಇನ್ನೂ ಜೋರು. ಓಟ ಮುಗಿದು ಸವಾರ ಕೈ ಇಳಿಸಿದಾಗಲೇ ಅದು ನಿಧಾನಿಸುವುದು. ಆದ್ದರಿಂದ ಇಂಥ ಕುದುರೆಯನ್ನು ಹತ್ತಿದವನು ಕಡಿವಾಣಕ್ಕೆ ಜೋತುಬೀಳಬಾರದು. ನಡುವನ್ನು ಮೆತ್ತಗೆ ಮಾಡಿ ಭಾರವಾಗಿ ಕೂತು, ಉಸಿರು ಹೊರಗೆ ಬಿಟ್ಟು, ದೊಡ್ಡ ಸುತ್ತನ್ನು ಸಣ್ಣ ಸುತ್ತು ಮಾಡುತ್ತ ಅದಾಗಿಯೇ ನಿಧಾನಿಸುವ ಹಾಗೆ ಮಾಡಬೇಕು. ಅದು ಮಾತು ಕೇಳಿದ ಗಳಿಗೆಯಲ್ಲೇ ಕೈ ಸಡಿಲಿಸಬೇಕು. ಒತ್ತುವುದರಿಂದ ಕುದುರೆ ಕಲಿಯುವುದಿಲ್ಲ, ಒತ್ತಿದ್ದನ್ನು ತಕ್ಕ ಹೊತ್ತಿಗೆ ಬಿಡುವುದರಿಂದ ಕಲಿಯುತ್ತದೆ. ಪೊಲೀಸ್ ದಳದಲ್ಲಿ ಎಷ್ಟೋ ಹುಡುಗರಿಗೆ ಇದನ್ನೇ ಹೇಳಿ ಹೇಳಿ ಅವರ ಗಂಟಲು ಒಣಗಿತ್ತು.

ಹೀಗೆ ಕಲಿಸಿದ್ದಕ್ಕೆ ಸವತಿ ಸಂಕ್ರಾಂತಿಯ ಹೊತ್ತಿಗೆ ಅವರನ್ನು ಹೊತ್ತು, ತಲೆ ತಗ್ಗಿಸಿ, ಬಾಯಿ ಚಪ್ಪರಿಸುತ್ತ, ಮನೆಯ ಆಕಳಿನಂತೆ ನಡೆಯುತ್ತಿತ್ತು.

ಹೆಂಡತಿಯ ಕರ್ಮಗಳನ್ನೆಲ್ಲ ಮುಗಿಸಿ ಅಮರೇಶಪ್ಪನವರು ಮತ್ತೆ ಅದರ ಬೆನ್ನೇರಿದ ಮೇಲೆ ಎಲ್ಲವೂ ಕೆಟ್ಟಿತು. ಹತ್ತಿದ ಕೂಡಲೇ ಕಿವಿ ಹಿಂದಕ್ಕೆ ಮಡಿಚುವುದು, ಮೂತಿ ಮೇಲಕ್ಕೆತ್ತುವುದು, ಎರಡು ಹೆಜ್ಜೆ ನಡೆದು ಮೂರನೆಯದಕ್ಕೆ ಜಿಗಿದು ಓಡುವುದು. ಅವರು ಜೀನಿನ ಅಡಿಯ ನಮದೆ ಬದಲಿಸಿದರು. ಬೆನ್ನನ್ನು ಒತ್ತಿ ಒತ್ತಿ ನೋಡಿದರು. ಹಲ್ಲು ನೋಡುವ ಡಾಕ್ಟರನ್ನು ಕರೆಸಿದರು, ಲಾಳ ಕೀಳಿಸಿ ಹೊಸದು ಹಾಕಿಸಿದರು, ದಾಣಿಯಲ್ಲಿ ಓಟ್ಸು ಕಡಿಮೆ ಮಾಡಿ ಹುಲ್ಲು ಹೆಚ್ಚಿಸಿದರು. ಯಾದಗಿರಿ ನಿಂಬೆಹಣ್ಣು, ಮೆಣಸಿನಕಾಯಿ ತಂದು ಲಾಯದ ಬಾಗಿಲಿಗೆ ಕಟ್ಟಿದ. ಯಾವುದರಿಂದಲೂ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಅದು ಅವರನ್ನು ಹೊತ್ತು ಬೇಲಿಯ ಉದ್ದಕ್ಕೂ ಓಡಿತು. ಅದನ್ನು ಕಂಡು ಬೆದರಿದ ಇನ್ನೊಂದು ಕುದುರೆಯ ಮೇಲಿಂದ, ಹೊಸದಾಗಿ ಕಲಿಯಲು ಬಂದ ಒಬ್ಬ ಹೆಂಗಸು ಬಿದ್ದು ಮೊಣಕೈ ತರಚಿಕೊಂಡಳು.

ಸುದ್ದಿ ಚೇತನಕುಮಾರನಿಗೆ ಹೋಯಿತು. ಅವತ್ತೇ ಕಾರ್ಖಾನೆಯಿಂದ ನೆಟ್ಟಗೆ ಬಂದ.

“ಕಾಕಾ, ನೀವು ಸಿಟ್ಟಾಗಬ್ಯಾಡ್ರಿ. ಆಕಿ ಬಿದ್ದದ್ದು ಮರಳಾಗ, ಅದಕ್ಕ ಪಾರಾದ್ವಿ. ಗಳಾಕ ತಲಿ ಬಡದಿದ್ರ?”

“ಹೌದಪ್ಪಾ. ಅದೇನು ಸುಳ್ಳಲ್ಲ.”

“ಬರೋ ರವಿವಾರ ನಾನು ಬರ್ತೀನಿ. ನನ್ನ ಕಣ್ಣಮುಂದ ಸವತಿ ಇನ್ನೊಂದು ಕುದುರಿ ಜೋಡಿ ಸಮಾಧಾನದಿಂದ ನಡದು, ಸಣ್ಣ ದುಲ್ಕಿ ಓಟ ಹಾಕಿ ತೋರಸ್ಲಿ. ಅಷ್ಟ ಸಾಕು. ಇಲ್ಲಾಂದ್ರ ಮದುವಿ ಬಾರಾತಿನ ಕುದುರಿ ಇಟ್ಟವರು ಕೇಳಾಕತ್ತಾರ, ಕೊಟ್ಟಬಿಡೂಣು.”

“ಬಾರಾತಿಗಿ?” ಅಮರೇಶಪ್ಪನವರು ನಗಲು ನೋಡಿದರು. “ಬ್ಯಾಂಡು, ಪಟಾಕಿ ನಡುವ ಈಕಿನ್ನ ನಿಲ್ಲಸ್ತಿಯೇನು? ಮದುಮಗನ್ನ ಹೊತ್ತಗೊಂಡು ವಾರಂಗಲ್ ದಾಟಿರ್ತಾಳ. ಅಲ್ಲಿ ಹೆಣ್ಣಿನವರು ಹಾರ ಹಿಡಕೊಂಡು ಕಾಯಬೇಕು.”

ಚೇತನಕುಮಾರ ನಕ್ಕ. ಆಮೇಲೆ ನಗು ನಿಲ್ಲಿಸಿ, “ಅದಕ್ಕ ಹೇಳಾಕತ್ತೀನ್ರಿ. ಓಡಿ ಹೋದ್ರ ಅವರು ಈಕಿನ್ನ ಹೊಡೀತಾರ. ನನಗೂ ಗೊತ್ತೈತಿ. ನೀವ ಏನರ ಮಾಡ್ರಿ,” ಎಂದ.

ಆ ವಾರವೆಲ್ಲ ಅಮರೇಶಪ್ಪನವರಿಗೆ ಸವತಿಯದೇ ಧ್ಯಾನ. ಬೆಳಿಗ್ಗೆ ಹತ್ತಿದರು, ಸಂಜೆ ಹತ್ತಿದರು. ಇಳಿದು ಹಗ್ಗಕ್ಕೆ ಹಾಕಿದರೆ ಕುದುರೆ ಮೊದಲಿನಷ್ಟೇ ಜಾಣೆ, ಮಾತು ಮಾತಿಗೆ ನಿಲ್ಲುತ್ತದೆ, ತಿರುಗುತ್ತದೆ. ಬೆನ್ನೇರಿದರೆ ದೆವ್ವ ಬಡಿದ ಹಾಗೆ. ಈಕೆಗೆ ನನ್ನ ಮೇಲೆ ಏನು ಹಗೆ ಎಂದು ಅವರಿಗೆ ಸಂಕಟವಾಗುತ್ತಿತ್ತು. ಬಸಲಿಂಗಮ್ಮ ಇದ್ದಿದ್ದರೆ ಏನನ್ನುತ್ತಿದ್ದರು ಎಂಬುದೂ ನೆನಪಾಗುತ್ತಿತ್ತು. “ಇಬ್ಬರು ಹೆಂಡಿರ ಮುದ್ದಿನ ಗಂಡ, ಅನುಭವಿಸ್ರಿ,” ಎಂದು ಒಲೆಯ ಕಡೆ ತಿರುಗಿ ನಗುತ್ತಿದ್ದರು.

ಶನಿವಾರ ಹರ್ಷಿತಾ ಬಂದಳು. ಉಪ್ಪಲ್ಲಿನ ಐಟಿ ಕಂಪನಿಯೊಂದರಲ್ಲಿ ಕೆಲಸ, ಊರು ಕುಂದಾಪುರದ ಹತ್ತಿರ. ರಜೆಯ ದಿನ ಬೆಳಗಾಗುವುದರೊಳಗೆ ಎದ್ದು ಮೆಟ್ರೋ ಹಿಡಿದು, ಇಳಿದು ಆಟೋ ಹಿಡಿದು ಬರುವವಳು. ಅವಳು ಸವಾರಿ ಮಾಡುತ್ತಿದ್ದದ್ದು ಬಾದಶಹ ಎಂಬ ಮುದಿ ಕುದುರೆಯ ಮೇಲೆ. ಅವಳ ಕೂಡುವಿಕೆ ಚೆನ್ನಾಗಿತ್ತು, ಬೆನ್ನು ನೆಟ್ಟಗೆ, ಹಿಮ್ಮಡಿ ಕೆಳಗೆ. ಕೈ ಮಾತ್ರ ಎಂದೂ ಸರಿಯಿಲ್ಲ. ಲಗಾಮನ್ನು ಎಷ್ಟು ಉದ್ದ ಬಿಡುತ್ತಿದ್ದಳೆಂದರೆ ಬಾದಶಹ ನಡುನಡುವೆ ನಿಂತು ಬೇಲಿಯಾಚೆಯ ಹುಲ್ಲು ಮೇಯುತ್ತಿತ್ತು.

“ಲಗಾಮು ಹಿಡಿಯವ್ವ! ಬಟ್ಟಿ ಒಣಹಾಕೋ ಹಗ್ಗೇನದು?”

“ಹಿಡ್ದಿದ್ದೇನೆ ಸರ್!”

“ಎಲ್ಲಿ ಹಿಡದಿ? ಆ ಮುದಿಯಾ ಊಟಕ್ಕ ಕುಂತಾನ ನೋಡು.”

“ಅವನಿಗೆ ಹಸಿವಾದರೆ ನಾನೆಂತ ಮಾಡೂದು ಮಾರಾಯ್ರೆ? ನಾನೂ ತಿಂಡಿ ತಿನ್ಲಿಲ್ಲ.”

ತಿಂಗಳುಗಟ್ಟಲೆ ಬೈದರೂ ಇದೇ ಉತ್ತರ. ಅವತ್ತು ಅಮರೇಶಪ್ಪನವರಿಗೆ ನಗಲು ಪುರುಸೊತ್ತಿರಲಿಲ್ಲ. ಅವಳನ್ನು ಒಂದು ಬದಿಗೆ ನಿಲ್ಲಿಸಿ ತಾವು ಸವತಿಯನ್ನು ಹತ್ತಿದರು. ಸಮಾಧಾನದಿಂದ ಹೊರಟರು. ಅರ್ಧ ಸುತ್ತು ನಡೆದಿರಬೇಕು. ಮೂತಿ ಮೇಲೆದ್ದಿತು, ಬೆನ್ನು ಬಿಗಿಯಿತು, ಕುದುರೆ ಹಾರಿತು. ಅವರು ಕೂತೇ ಇದ್ದರು. ಬೀಳುವ ಸವಾರರಲ್ಲ ಅವರು. ಬೇಲಿಯಿಂದ ಬೇಲಿಗೆ ಮೂಲೆ ಮೂಲೆ ತಿರುಗಿಸಿದ ಮೇಲೆ, ಕುದುರೆ ಕೊನೆಗೆ ಅಪಾರ್ಟ್‌ಮೆಂಟಿನ ಕಡೆಯ ಮೂಲೆಯಲ್ಲಿ ಮೈತುಂಬ ನೊರೆಯಾಗಿ ನಿಂತಿತು. ಅವರ ಎದೆಯ ಮೇಲಿನ ಕರಡಿಗೆ ಉಸಿರಿನ ಜೊತೆ ಏರಿಳಿಯುತ್ತಿತ್ತು.

ಇಳಿದರು. ಯಾದಗಿರಿ ಓಡಿಬಂದು ಲಗಾಮಿಗೆ ಕೈ ಹಾಕಿದ. ಲಗಾಮು ಬರಲಿಲ್ಲ.

“ಸಾಬ್, ಛೋಡೋ. ಮೇರೆಕು ದೇವ್.”

“ಬಿಟ್ಟೀನಲ್ಲೋ.”

“ಕಹಾಂ ಛೋಡೇ?” ಎಂದು ಅವನು ಅವರ ಎಡಗೈ ತೋರಿಸಿದ.

ಅಮರೇಶಪ್ಪನವರು ನೋಡಿಕೊಂಡರು. ಎಡಗೈ ಲಗಾಮಿನ ಮೇಲೆ ಬೀಗ ಹಾಕಿದ ಹಾಗೆ ಮುಚ್ಚಿತ್ತು, ಗೆಣ್ಣುಗಳು ಬೆಳ್ಳಗಾಗಿದ್ದವು. ಆ ಕೈಯಲ್ಲಿ ಏನೋ ಇದೆ ಎಂಬ ಅರಿವೇ ಅವರಿಗಿರಲಿಲ್ಲ. ಬಲಗೈಯಿಂದ ಒಂದೊಂದೇ ಬೆರಳು ಬಿಡಿಸಿದರು. ಅಂಗೈಯಲ್ಲಿ ತೊಗಲಿನ ಪಟ್ಟಿ ಕೊರೆದ ಗುರುತು ಕೆಂಪಗೆ ಬಿದ್ದಿತ್ತು.

ಅವರು ಕುದುರೆ ಹತ್ತಲು ಇಟ್ಟ ಕಟ್ಟೆಯ ಮೇಲೆ ಕೂತರು.

ರುದ್ರಭೂಮಿಯಲ್ಲಿ ಬಸಲಿಂಗಮ್ಮನವರನ್ನು ಸಮಾಧಿಗೆಂದು ತೋಡಿದ ಗವಿಯಲ್ಲಿ ಕೂಡಿಸಿ, ಅವರ ಎಡ ಅಂಗೈಯಲ್ಲಿ ಅವರ ಲಿಂಗವನ್ನು ಇಟ್ಟಾಗ ಬೆರಳುಗಳು ನಿಲ್ಲಲಿಲ್ಲ. ಇಟ್ಟ ಲಿಂಗ ಜಾರುತ್ತಿತ್ತು. ಅಮರೇಶಪ್ಪನವರು ತಾವೇ ಇಳಿದು, ಆ ಕೈಯನ್ನು ತಮ್ಮ ಎಡಗೈಯಲ್ಲಿ ಹಿಡಿದು ಮುಚ್ಚಿ ನಿಂತರು. ಅಯ್ಯನೋರು ಮಂತ್ರ ಮುಗಿಸಿ ವಿಭೂತಿ, ಪತ್ರಿ ಹಾಕಿದರು. ಮೇಲೆ ಜನ ಮಣ್ಣು ಹಿಡಿದುಕೊಂಡು ಕಾಯುತ್ತಿದ್ದರು. “ಬಿಡ್ರಿ ಅಮರೇಶಪ್ಪ,” ಎಂದರು ಅಯ್ಯನೋರು. ಬಿಟ್ಟರೆ ಲಿಂಗ ಜಾರೀತು ಎಂದು ಇವರು ಬಿಡಲಿಲ್ಲ. “ಬಿಡ್ರಿ, ಆಕಿ ಹಿಡದಾಳ. ಇನ್ನ ನಿಮ್ಮ ಕೆಲಸಿಲ್ಲ,” ಎಂದು ಅವರು ಮತ್ತೆ ಹೇಳಿದಾಗ ಮಗ ಮನೋಜ ಕೆಳಗಿಳಿದು ಅಪ್ಪನ ಕೈ ಬಿಡಿಸಿ ಮೇಲಕ್ಕೆ ಕರೆತಂದಿದ್ದ.

ಮಗ ಬಿಡಿಸಿದ್ದು. ತಾವು ಬಿಟ್ಟದ್ದಲ್ಲ.

ಕುದುರೆ ಬೆವರು ಆರಲೆಂದು ಯಾದಗಿರಿ ಅದನ್ನು ಮೆಲ್ಲಗೆ ತಿರುಗಾಡಿಸುತ್ತಿದ್ದ. ಅಮರೇಶಪ್ಪನವರಿಗೆ ಈಗ ಎಲ್ಲ ಕಂಡಿತು. ಹಗೆಯೂ ಇಲ್ಲ, ದೆವ್ವವೂ ಇಲ್ಲ. ನಾನು ಬಿಗಿಹಿಡಿದೆ, ಓಡು ಎಂದೆ, ಆಕೆ ಓಡಿದಳು. ಇನ್ನೂ ಬಿಗಿದೆ, ಇನ್ನೂ ಓಡಿದಳು. ಇಷ್ಟು ದಿನ ಮಾತು ಕೇಳಿದ್ದಕ್ಕೆ ಬೈದೆನಲ್ಲ ಶಿವಾ! ಎಂದು ಎದ್ದು ನಿಂತರು.

ಮತ್ತೆ ಹತ್ತಿದರು. ಈ ಸಲ ಕೈಯ ಮೇಲೇ ಕಣ್ಣಿಟ್ಟರು. ಬೆರಳು ತೆರೆದಿರುವವರೆಗೆ ಸವತಿ ತಲೆ ತಗ್ಗಿಸಿ ನಡೆಯಿತು. ಬೇಲಿಯ ತಿರುವಿನಲ್ಲಿ ಕಣ್ಣು ಕೈಯಿಂದ ದಾರಿಯ ಕಡೆ ಹೋಯಿತು. ಅಷ್ಟರಲ್ಲಿ ಕೈ ಮುಚ್ಚಿತ್ತು, ಕುದುರೆ ಓಡುತ್ತಿತ್ತು. ನಿಲ್ಲಿಸಿ ಇಳಿದಾಗ ಅವರಿಗೆ ಒಂದು ಮಾತು ಖಚಿತವಾಗಿತ್ತು. ನಾಳೆ ಇದನ್ನು ತೋರಿಸುವವನು ನಾನಲ್ಲ.

“ಹರ್ಷಿತಾ, ಇಳಿ ಕೆಳಗ. ಇದನ್ನ ಹತ್ತು.”

“ಸವತಿನಾ? ಸರ್, ನಾನು ಮದುವೆ ಆಗದವಳು!”

“ಹತ್ತವ್ವ. ನಡಸು ಅಷ್ಟ. ಲಗಾಮು…” ಅಮರೇಶಪ್ಪನವರು ಸ್ವಲ್ಪ ತಡವರಿಸಿದರು. “ಲಗಾಮು ನೀ ಯಾವಾಗ್ಲೂ ಹಿಡೀತಿಯಲ್ಲ, ಹಂಗ ಹಿಡಿ.”

“ಬಟ್ಟೆ ಒಣಗ್ಸೂ ಹಗ್ಗದ ಹಾಗೆ?”

“ಹೂಂ. ಹಂಗ.”

“ಇದನ್ನ ಬರೆದು ಕೊಡ್ತೀರಾ ಸರ್? ಎಷ್ಟು ಬೈಸಿಕೊಂಡಿದ್ದೇನೆ!”

ಹತ್ತಿದಳು. ಹೆದರಿದ್ದಳು, ಆದರೆ ಕೈ ಮಾತ್ರ ತನ್ನ ರೂಢಿಯಂತೆ ಸಡಿಲವಾಗಿತ್ತು. ಸವತಿ ಕಿವಿ ಅತ್ತಿತ್ತ ತಿರುಗಿಸಿತು, ಬಿಗಿತಕ್ಕಾಗಿ ಕಾಯಿತು. ಬಿಗಿತ ಬರಲಿಲ್ಲ. ಒಂದು ಸುತ್ತು, ಇನ್ನೊಂದು ಸುತ್ತು. ಆಮೇಲೆ ಮೂಗಿನಿಂದ ದೊಡ್ಡದಾಗಿ ಉಸಿರು ಬಿಟ್ಟು ಕತ್ತು ಕೆಳಗೆ ಚಾಚಿತು. ಅಮರೇಶಪ್ಪನವರು ನಡುವೆ ನಿಂತು ತಿರುಗುತ್ತ ನೋಡಿದರು. ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಜೊತೆಗೇ, ತಾವು ಕಷ್ಟಪಟ್ಟು ಕಲಿಸಿದ ಕುದುರೆ ಇನ್ನೊಬ್ಬರ ಕೈಯಲ್ಲಿ ಇಷ್ಟು ಬೇಗ ಸಮಾಧಾನವಾಯಿತಲ್ಲ ಎಂಬ ಕಿಚ್ಚು ಹೊಟ್ಟೆಯಲ್ಲಿ ಸಣ್ಣಗೆ ಎದ್ದಿತು. ಆ ವಯಸ್ಸಿನಲ್ಲಿ ಹಾಗೆ ಎನಿಸಿದ್ದಕ್ಕೆ ನಾಚಿ, “ಸಾಕು, ಇಳಿ,” ಎಂದರು.

ಹೋಗುವಾಗ ಯಾದಗಿರಿ, ನಾಳೆ ತಮ್ಮ ಓಣಿಯಲ್ಲಿ ಅಮ್ಮನವರ ಬೋನಾಲು ಹಬ್ಬ, ಮಧ್ಯಾಹ್ನ ರಜೆ ಬೇಕು ಎಂದು ಕೇಳಿದ. ಹೋಗು ಎಂದರು. ಮೆರವಣಿಗೆ ಯಾವ ದಾರಿಯಲ್ಲಿ ಬರುತ್ತದೆಂದು ಕೇಳಲು ತೋಚಲಿಲ್ಲ.

ರವಿವಾರ ಚೇತನಕುಮಾರ ಊಟ ಮುಗಿಸಿಕೊಂಡು ಬಂದ. ಬೇಲಿಗೆ ಒರಗಿ ನಿಂತ. ಬಾದಶಹನ ಮೇಲೆ ರೋಹಿತ ಎಂಬ ಇನ್ನೊಬ್ಬ ಕಲಿಯುವವ ಕೂತಿದ್ದ, ಅವನಿಂದ ತುಸು ಹಿಂದೆ ಸವತಿಯ ಮೇಲೆ ಹರ್ಷಿತಾ. ನಡುವೆ ಅಮರೇಶಪ್ಪನವರು, ಹಣೆಯಲ್ಲಿ ವಿಭೂತಿ, ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಸೊಂಟಕ್ಕೆ ಒಮ್ಮೆ ಹಿಂದಕ್ಕೆ.

ನಡಿಗೆ ಚೆನ್ನಾಗಿ ಆಯಿತು. ಚೇತನಕುಮಾರ ತಲೆದೂಗಿದ. “ದುಲ್ಕಿ,” ಎಂದು ಅಮರೇಶಪ್ಪನವರು ಮೆಲ್ಲಗೆ ಹೇಳಿದರು. ಹರ್ಷಿತಾ ಕಾಲು ಒತ್ತಿದಳು. ಸವತಿ ಹಗುರವಾದ ಸಣ್ಣ ಓಟಕ್ಕೆ ಬಂತು. ಟಕ್ ಟಕ್ ಎಂದು ತೂಕವಾಗಿ ಹೆಜ್ಜೆ ಬೀಳುತ್ತಿತ್ತು. ಅಷ್ಟು ಚಂದವಾಗಿ ಅದು ಸಂಕ್ರಾಂತಿಯ ದಿನಗಳಲ್ಲೂ ನಡೆದಿರಲಿಲ್ಲ.

ಆಗ ರಸ್ತೆಯ ತಿರುವಿನಲ್ಲಿ ಡಪ್ಪಿನ ಸದ್ದೆದ್ದಿತು. ತಲೆಯ ಮೇಲೆ ಬೋನದ ಗಡಿಗೆ, ಬೇವಿನ ಸೊಪ್ಪು ಹೊತ್ತ ಹೆಂಗಸರು, ಮುಂದೆ ಡಪ್ಪು ಬಾರಿಸುವವರು, ಅವರ ಮುಂದೆ ಮೈಗೆ ಅರಿಶಿನ ಬಳಿದುಕೊಂಡು ಚಾವಟಿ ಬೀಸುತ್ತ ಕುಣಿಯುವ ಪೋತರಾಜು. ಮೆರವಣಿಗೆ ಬೇಲಿಯ ಪಕ್ಕದ ದಾರಿಗೇ ತಿರುಗಿತು. ಸವತಿಯ ಕಿವಿ ನೆಟ್ಟಗಾಯಿತು, ಕತ್ತು ಮೇಲೆದ್ದಿತು. ಹರ್ಷಿತಾ ಹೆದರಿದರೂ ಕೈ ಸಡಿಲವೇ ಇಟ್ಟಿದ್ದಳು.

“ಹಿಡಿ!” ಎಂದು ಅಮರೇಶಪ್ಪನವರ ಬಾಯಿಂದ ಬಂತು. “ಲಗಾಮು ಹಿಡಿ!”

ತಿಂಗಳುಗಟ್ಟಲೆ ಆ ಮಾತು ಕೇಳದವಳು ಅವತ್ತು ಕೇಳಿದಳು. ಎರಡೂ ಕೈಯಿಂದ ಲಗಾಮನ್ನು ಎಳೆದು ಎದೆಗೆ ತಂದಳು.

ಸವತಿ ಬಾಣ ಬಿಟ್ಟಂತೆ ಹೋಯಿತು. ಹರ್ಷಿತಾಳ ಒಂದು ಕಾಲು ರಿಕಾಬಿನಿಂದ ತಪ್ಪಿತು. ರೋಹಿತ ಬಾದಶಹನನ್ನು ಮೂಲೆಗೆ ಒತ್ತಿದ. ಚೇತನಕುಮಾರ “ಅಯ್ಯೋ, ಕಾಕಾ!” ಎಂದು ಬೇಲಿ ಹತ್ತಿದ. ಅಮರೇಶಪ್ಪನವರು ಮರಳಿನಲ್ಲಿ ಓಡುತ್ತಿದ್ದರು. ಎತ್ತ ಓಡಬೇಕೆಂದು ತಿಳಿಯದೆ ಕುದುರೆಯ ಹಿಂದೆ, ಆಮೇಲೆ ಅದಕ್ಕೆ ಎದುರಾಗಿ. ಈ ಹುಡುಗಿ ಬಿದ್ದರೆ ಅದು ಕುದುರೆ ಕೆಡವಿದ್ದಲ್ಲ. ಎಡಗೈ ಗಾಳಿಯಲ್ಲಿ ಮುಷ್ಟಿ ಕಟ್ಟಿತ್ತು, ಅವರು ತಾವೇ ಸವಾರಿ ಮಾಡುತ್ತಿರುವ ಹಾಗೆ.

ಅವರು ನಿಂತುಬಿಟ್ಟರು. ಆ ಕೈಯನ್ನು ಮೇಲಕ್ಕೆತ್ತಿ, ಅವಳಿಗೆ ಕಾಣುವ ಹಾಗೆ ಐದು ಬೆರಳೂ ಅಗಲಿಸಿದರು.

“ಬಿಡವ್ವ! ಬಿಡು! ಕೈ ಎರಡೂ ಇಳಿಸು! ಜುಟ್ಟು ಹಿಡಕೊ, ಲಗಾಮು ಬಿಡು!”

ಓಡುವ ಕುದುರೆಯ ಮೇಲೆ ಲಗಾಮು ಬಿಡುವುದೆಂದರೆ ಸಣ್ಣ ಮಾತಲ್ಲ. ಅವಳು ಮುಂದೆ ಬಾಗಿ ಕೈ ಇಳಿಸಿ, ಕತ್ತಿನ ಕೂದಲು ಹಿಡಿದಳು. ಲಗಾಮು ಜೋತುಬಿತ್ತು. ಸವತಿ ಅದೇ ವೇಗದಲ್ಲಿ ಇನ್ನೊಂದು ಬದಿಯ ಬೇಲಿಯವರೆಗೆ ಹೋಯಿತು. ಅಲ್ಲಿಂದ ಹೆಜ್ಜೆ ಸಣ್ಣದಾಯಿತು. ಓಟ ಮುಗಿದಾಗ ಕೈ ಇಳಿಯುತ್ತದೆ ಎಂದು ಅದು ಎಳೆತನದಲ್ಲೇ ಕಲಿತಿತ್ತು. ದುಲ್ಕಿಗೆ ಬಂತು, ದುಲ್ಕಿಯಿಂದ ನಡಿಗೆಗೆ. ಆಗ ಮೆರವಣಿಗೆ ಬೇಲಿಯ ಪಕ್ಕಕ್ಕೇ ಬಂದಿತ್ತು, ಡಪ್ಪು ಕಿವಿ ಕಿತ್ತುಹೋಗುವ ಹಾಗೆ ಬಡಿಯುತ್ತಿತ್ತು. ಬೆವರಿನಲ್ಲಿ ಮಿಂದ ಸವತಿ ಆ ಸದ್ದಿನ ಪಕ್ಕದಲ್ಲೇ ಕತ್ತು ಕೆಳಗೆ ಹಾಕಿ, ಪುಸ್ ಪುಸ್ ಎಂದು ಉಸಿರು ಬಿಡುತ್ತ ನಡೆಯಿತು. ಮೆರವಣಿಗೆಯಲ್ಲಿದ್ದ ಯಾದಗಿರಿ ಇದೇನೂ ತಿಳಿಯದೆ ಕೈ ಬೀಸಿದ.

ಅಮರೇಶಪ್ಪನವರು ಹರ್ಷಿತಾಳನ್ನು ಇಳಿಸಿಕೊಂಡರು.

“ಹಿಡಿ ಅಂತೀರಿ, ಬಿಡು ಅಂತೀರಿ! ಒಂದು ಮಾತು ಹೇಳಿ ಸರ್!”

“ತಪ್ಪು ನಂದವ್ವ. ಪೆಟ್ಟಾತೇನು?”

“ಇಲ್ಲ. ಹೆದ್ರಿಕೆ ಮಾತ್ರ. ಸತ್ತೇ ಹೋದೆ ಅಂದ್ಕೊಂಡೆ.”

ಅಮರೇಶಪ್ಪನವರು ಅವಳ ತಲೆ ಮುಟ್ಟಿ, ಚೇತನಕುಮಾರನ ಕಡೆ ತಿರುಗಿದರು.

“ಚೇತನಾ, ಕುದುರಿದು ತಪ್ಪಿಲ್ಲಪ್ಪ. ಈ ಹುಡಿಗಿದೂ ಅಲ್ಲ. ನಾ ಕೂಗಿದೆ.”

“ಕೂಗಿದ್ದು ನಾಚಾರಂತನಾ ಕೇಳಿಸಿರಬೇಕು ಬಿಡ್ರಿ,” ಎಂದ ಚೇತನಕುಮಾರ. ಸವತಿಯ ಕಡೆ ತಿರುಗಿದ. ಅದು ಡಪ್ಪಿನ ಸದ್ದು ಹೋದ ಕಡೆ ಒಂದು ಕಿವಿ ಇಟ್ಟು, ಹರ್ಷಿತಾಳ ಭುಜಕ್ಕೆ ಮೂತಿ ಉಜ್ಜುತ್ತಿತ್ತು. “ಅಷ್ಟು ಡಪ್ಪಿನ್ಯಾಗ ನಡೀತು. ಅದನ್ನ ನಾ ಕಣ್ಣಾರೆ ಕಂಡೆ. ಅದಿಲ್ಲೇ ಇರ್ಲಿ ಕಾಕಾ. ಕೊಡಂಗಿಲ್ಲ.”

ಅಮರೇಶಪ್ಪನವರು ಕಣ್ಣು ಮುಚ್ಚಿ ಕರಡಿಗೆಯನ್ನು ಮುಟ್ಟಿಕೊಂಡರು.

“ಆದ್ರ ಒಂದು ಮಾತು,” ಎಂದ ಅವನು, ನೆಲ ನೋಡುತ್ತ. “ಸವತಿ ಮ್ಯಾಲೆ ಇನ್ನ ನೀವು ಹತ್ತಬ್ಯಾಡ್ರಿ. ಈಕೀನ ಸವಾರಿ ಮಾಡ್ಲಿ. ಮಾಡೂ ಮುಂದ ನೀವು ಒಳಗ ನಿಂತು ಏನೂ ಹೇಳಬಾರದು. ನಿಮಗ ಹೇಳೋ ಅಷ್ಟು ದೊಡ್ಡಾವ ನಾನಲ್ಲ…”

“ದೊಡ್ಡಾವ ಅಲ್ಲ ಅಂತ ಹೇಳೂದು ಬಿಟ್ಟೀಯೇನು?” ಎಂದು ಅಮರೇಶಪ್ಪನವರು ಅವನ ಬೆನ್ನು ತಟ್ಟಿದರು. ಆಮೇಲೆ, “ಆಗಲಿ. ಹಂಗ ಆಗಲಿ,” ಎಂದರು.

ಸ್ವಲ್ಪ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಹರ್ಷಿತಾ, ಹೆದರಿಕೊಂಡೇ ಮನೆಗೆ ಹೋದರೆ ಮತ್ತೆ ಹತ್ತುವುದಿಲ್ಲ, ಈಗಲೇ ಒಂದು ಸುತ್ತು ಹೋಗುತ್ತೇನೆ ಎಂದಳು. ಅದು ಸರಿಯಾದ ಮಾತೇ ಆಗಿತ್ತು. ಅಮರೇಶಪ್ಪನವರು ರಿಕಾಬು ಹಿಡಿದು ಅವಳನ್ನು ಹತ್ತಿಸಿದರು, ಜೀನಿನ ಪಟ್ಟಿ ಒಂದು ತೂತು ಬಿಗಿದರು, ಬೇಲಿಯ ಗಳು ಸರಿಸಿ ತಾವು ಹೊರಗೆ ಬಂದರು.

ಹೊರಗೆ ಬೇವಿನ ಮರದ ಕೆಳಗೆ ಸಿಮೆಂಟಿನ ಬೆಂಚಿತ್ತು. ಕೂತರು. ಸವತಿ ಹತ್ತಿರ ಬಂದು ದಾಟಿಹೋಗುವಷ್ಟರಲ್ಲಿ ಎದ್ದಿದ್ದರು. ಬೇಲಿಯ ಹೊರಗಿನಿಂದಲೇ ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೊರಟರು. ಒಳಗೆ ಕುದುರೆ, ಹೊರಗೆ ಅವರು. ನಾಯಿಮುಳ್ಳು ಧೋತರಕ್ಕೆ ಹತ್ತಿಕೊಂಡಿತು, ಬಿಡಿಸಿಕೊಳ್ಳಲು ನಿಲ್ಲಲಿಲ್ಲ. ತಿರುವಿನಲ್ಲಿ ಸವತಿ ಮೈಯನ್ನು ಒಳಕ್ಕೆ ಬಳುಕಿಸದೆ ಭುಜ ಬೀಳಿಸಿತು. ಅದನ್ನು ತಿದ್ದಲು ಒಳಗಿನ ಕಾಲನ್ನು ಎಲ್ಲಿ ಒತ್ತಬೇಕೆಂಬುದು ಅವರ ನಾಲಿಗೆಯ ತುದಿಗೆ ಬಂತು. ತುಟಿ ಬಿಗಿದುಕೊಂಡರು.

ಮುಂದಿನ ತಿರುವಿನಲ್ಲೂ ಅದೇ ಆಯಿತು. ಹರ್ಷಿತಾಳಿಗೂ ಅದು ಗೊತ್ತಾಗಿರಬೇಕು, ಕೂತಲ್ಲೇ ಹೊರಳಿ ನೋಡಿದಳು.

“ಸರ್, ಇದು ಯಾಕೆ ಹೀಗೆ ವಾಲ್ತದೆ? ಎಂತಾದರೂ ಹೇಳಿ!”

ಅಮರೇಶಪ್ಪನವರು ಗದ್ದ ಎತ್ತಿ ದೂರದಲ್ಲಿ ನಿಂತ ಚೇತನಕುಮಾರನನ್ನು ತೋರಿಸಿದರು. “ಮಾಲಕರು ಬಾಯಿ ಕಟ್ಟ್ಯಾರವ್ವ.”

ಅವಳು ನಕ್ಕಳು. ಆಮೇಲೆ ಯಾರನ್ನೂ ಕೇಳದೆ, ತನ್ನ ಒಳಗಿನ ಕಾಲನ್ನು ತುಸು ಮುಂದಿಟ್ಟು ಒತ್ತಿ ನೋಡಿದಳು. ಸರಿಹೋಗಲಿಲ್ಲ. ತುಸು ಹಿಂದಿಟ್ಟು ನೋಡಿದಳು. ಅಮರೇಶಪ್ಪನವರು ಬೇಲಿಯ ಆಚೆಯಿಂದ, ನಾಲಿಗೆ ಕಚ್ಚಿಕೊಂಡು, ಮುಂದಿನ ಮೂಲೆಗೆ ಅವಳಿಗಿಂತ ಮೊದಲು ತಲುಪಬೇಕೆಂದು ಬಿರಬಿರನೆ ನಡೆದರು.